ಲ್ಯಾಪ್‌ಟಾಪ್ ಎದ್ದಾಗ ಸಿಕ್ಕ ಗ್ಯಾರಿ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ನಾಲ್ವರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ನಾನು ಚನ್ನಗಿರಿ. ಕಿಟಕಿ ಪಕ್ಕದ ಮಂಚದವನು ಹೊನ್ನಾಳಿ, ಅವನ ಎದುರಿಗೆ ನ್ಯಾಮತಿ, ಬಾಗಿಲ ಬಳಿ ಜಗಳೂರು. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಈಗ ಬೇರೆ ತಾಲ್ಲೂಕು. ಹಾಗಾಗಿ ಅವರಿಬ್ಬರ ನಡುವೆ ಬಕೆಟ್‌ನಿಂದ ಹಿಡಿದು ಚಾರ್ಜರ್‌ವರೆಗೆ ದಿನಕ್ಕೊಂದು ಗಡಿ ತಕರಾರು ಇದ್ದೇ ಇರುತ್ತದೆ. ನಾಲ್ವರೂ ದಾವಣಗೆರೆಯಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇವೆ.

ಕಳೆದ ಡಿಸೆಂಬರ್‌ನ ಒಂದು ಶುಕ್ರವಾರ ರಾತ್ರಿ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ ನಾಲ್ಕು ವರ್ಷ ಬಳಸಿ ನನಗೆ ಕೊಟ್ಟದ್ದು ಅದು. ಬಟನ್ ಒತ್ತಿದರೆ ಕಂಪನಿಯ ಲಾಂಛನ ಬಂದು ಹೋಗುತ್ತಿತ್ತು. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ನೋ ಬೂಟಬಲ್ ಡಿವೈಸ್. ನನ್ನನ್ನು ಎಬ್ಬಿಸುವವರು ಯಾರೂ ಸಿಗಲಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಸೋಮವಾರ ಮಿನಿ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಕೋಡ್, ರಿಪೋರ್ಟ್, ಪಿಪಿಟಿ ಎಲ್ಲವೂ ಅದರೊಳಗೇ ಇದ್ದವು. ಬೇರೆಲ್ಲೂ ಒಂದು ಪ್ರತಿ ಇಟ್ಟಿರಲಿಲ್ಲ. ಅದು ಪೂರ್ತಿ ನನ್ನದೇ ತಪ್ಪು.

ಶನಿವಾರ ಬೆಳಿಗ್ಗೆ ಒಂದು ರಿಪೇರಿ ಅಂಗಡಿಗೆ ಒಯ್ದೆ. ಐದು ನಿಮಿಷ ನೋಡಿ, ಹಾರ್ಡ್‌ಡಿಸ್ಕ್ ಹೋಗಿದೆ, ಒಳಗಿದ್ದದ್ದು ವಾಪಸ್ ಬರುವುದಿಲ್ಲ, ಹೊಸದು ಹಾಕಲು ಮೂರೂವರೆ ಸಾವಿರ ಆಗುತ್ತದೆ ಎಂದರು. ಜೇಬಿನಲ್ಲಿ ನಾನೂರು ರೂಪಾಯಿ ಇತ್ತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ರೂಮಿಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ.

ಎಬ್ಬಿಸಿದವನು ಜಗಳೂರು. ಅವನ ಊರಿನ ಜನ ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಳಿಂದ ಕಾಯುತ್ತಿದ್ದಾರೆ. ಕಾಯುವಾಗ ಇರುವುದರಲ್ಲೇ ಹೇಗೆ ದಾಟಿಸಬೇಕು ಎಂಬುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ. ಎರಡನೇ ಸೆಮಿಸ್ಟರ್‌ನಲ್ಲಿ ಅವನ ಲ್ಯಾಪ್‌ಟಾಪ್‌ನ ಡಿಸ್ಕ್ ಸತ್ತುಹೋಗಿತ್ತು. ಹೊಸದಕ್ಕೆ ದುಡ್ಡಿರಲಿಲ್ಲ. ಆ ಸೆಮಿಸ್ಟರ್ ಪೂರ್ತಿ ಅವನು 32 ಜಿಬಿಯ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಂಡು, ಅದರಿಂದಲೇ ಯಂತ್ರ ಎಬ್ಬಿಸಿ ಲ್ಯಾಬ್ ಪರೀಕ್ಷೆಗೆ ಓದಿದ್ದ. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ.

ಅದೇ ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ. ಪವರ್ ಬಟನ್ ಒತ್ತಿದ ತಕ್ಷಣ ಎಫ್2 ಕೀಯನ್ನು ಪಟಪಟನೆ ಒತ್ತುತ್ತಾ ಕುಳಿತ. ನಾನು ಎಂದೂ ನೋಡಿರದ ಒಂದು ಪುಟ ತೆರೆದುಕೊಂಡಿತು. ಅದರಲ್ಲಿ ಬೂಟ್ ಎಂಬ ವಿಭಾಗ, ಅದರೊಳಗೆ ಒಂದು ಪಟ್ಟಿ. ಮೊದಲನೆಯದು ಹಾರ್ಡ್‌ಡಿಸ್ಕ್, ಎರಡನೆಯದು ನೆಟ್‌ವರ್ಕ್, ಕೊನೆಯಲ್ಲಿ ಯುಎಸ್‌ಬಿ. ಅವನು ಯುಎಸ್‌ಬಿಯನ್ನು ಮೇಲಕ್ಕೆ ತಂದ, ಎಫ್10 ಒತ್ತಿ ಉಳಿಸಿದ. ಲ್ಯಾಪ್‌ಟಾಪ್ ಒಮ್ಮೆ ಮಲಗಿ ಮತ್ತೆ ಎದ್ದಿತು. ಈ ಸಲ ಎದ್ದದ್ದು ಲಿನಕ್ಸ್. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಹಾರ್ಡ್‌ಡಿಸ್ಕ್ ಸತ್ತಿರಲಿಲ್ಲ, ವಿಂಡೋಸ್ ಏಳಲು ಬೇಕಾದ ಕಡತಗಳು ಮಾತ್ರ ಕೆಟ್ಟಿದ್ದವು. ನನ್ನ ಪ್ರಾಜೆಕ್ಟ್ ಫೋಲ್ಡರ್ ಇಟ್ಟಲ್ಲೇ ಇತ್ತು. ಕಾಪಿ ಆಗುವವರೆಗೂ ನಾಲ್ವರೂ ಪರದೆಯನ್ನೇ ನೋಡುತ್ತಾ ಕುಳಿತೆವು.

ಮೋಟಾರಿಗೆ ಒಂದು ಕೊಡ ನೀರು

ವೈವಾದಲ್ಲಿ ಏನಾಯಿತು ಎಂದು ಕೇಳಿದರೆ ಹೇಳಬೇಕಲ್ಲ ಎಂದು ಭಾನುವಾರ ಈ ವಿಷಯವನ್ನೇ ಓದಲು ಕುಳಿತೆ. ನನಗೆ ಅರ್ಥವಾದದ್ದು ಇಷ್ಟು.

ನಮ್ಮ ತೋಟದಲ್ಲಿ ಭದ್ರಾ ಚಾನಲ್ ಪಕ್ಕ ಒಂದು ಹಳೆಯ ಮೋಟಾರ್ ಇದೆ. ಪೈಪಿನೊಳಗೆ ಗಾಳಿ ಹೊಕ್ಕರೆ ಸ್ವಿಚ್ ಹಾಕಿದರೂ ಅದು ನೀರು ಎಳೆಯುವುದಿಲ್ಲ. ಮೊದಲು ಮೇಲಿನಿಂದ ಒಂದು ಕೊಡ ನೀರು ಹೊಯ್ಯಬೇಕು. ನೀರು ಕೊಡುವ ಮೋಟಾರಿಗೇ ಮೊದಲು ನೀರು ಬೇಕು. ಕಂಪ್ಯೂಟರಿನದೂ ಇದೇ ಗೋಳು. ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್ ಮೆಮೊರಿಗೆ ಬರಬೇಕಾದರೆ ಅದನ್ನು ತರುವ ಇನ್ನೊಂದು ಪ್ರೋಗ್ರಾಂ ಮೊದಲೇ ಎದ್ದಿರಬೇಕು. ಆ ಮೊದಲ ಕೊಡ ನೀರೇ ಮದರ್‌ಬೋರ್ಡಿನ ಮೇಲಿನ ಸಣ್ಣ ಚಿಪ್ಪಿನಲ್ಲಿರುವ ಬಯಾಸ್. ಕರೆಂಟು ಬಂದ ಕೂಡಲೇ ಏಳುವುದು ಅದು. ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಸರಿ ಇವೆಯೇ ಎಂದು ನೋಡುತ್ತದೆ. ನಂತರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸುತ್ತದೆ. ನಮ್ಮಪ್ಪ ಕೊಡ ಹಿಡಿದು ಮೊದಲು ತೊಟ್ಟಿ, ಅಲ್ಲಿಲ್ಲದಿದ್ದರೆ ಡ್ರಮ್ಮು, ಅದೂ ಖಾಲಿಯಾದರೆ ಪಕ್ಕದ ತೋಟ ಎಂದು ಹೋಗುತ್ತಾರಲ್ಲ, ಹಾಗೆ. ಮೊದಲು ಸಿಕ್ಕಿದ ಕಡೆ ಹುಡುಕಾಟ ಮುಗಿಯಿತು. ಈ ಪಟ್ಟಿಗೆ ಬೂಟ್ ಆರ್ಡರ್ ಎನ್ನುತ್ತಾರೆ.

ಮಾಡುವುದು ಸುಲಭ. ಕಂಪನಿಗೆ ತಕ್ಕಂತೆ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿ ಒಳಹೋಗಬೇಕು. ಪಟ್ಟಿಯನ್ನು ಕಾಯಂ ಬದಲಿಸುವುದು ಬೇಡವೆನಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಎಫ್12 ಅಥವಾ ಎಫ್9 ಒತ್ತಿದರೆ ಈ ಒಂದು ಸಲಕ್ಕೆ ಮಾತ್ರ ಯಾವುದರಿಂದ ಏಳಬೇಕು ಎಂದು ಕೇಳುತ್ತದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ, ಆದರೂ ನಾವು ಹಳೆಯ ಹೆಸರಿನಿಂದಲೇ ಕರೆಯುತ್ತೇವೆ. ಅದರಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಇರುತ್ತಾನೆ. ಸಹಿ ಇಲ್ಲದ ಪೆನ್‌ಡ್ರೈವನ್ನು ಅವನು ಒಳಗೆ ಬಿಡುವುದಿಲ್ಲ. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿದ್ದರೆ ರಿಕವರಿ ಕೀ ಕೈಯಲ್ಲಿರಬೇಕು. ಅದಿಲ್ಲದೆ ಲಿನಕ್ಸ್ ಎದ್ದರೂ ಕಡತ ಸಿಗದು. ನನ್ನದು ಹಳೆಯ ಯಂತ್ರ, ಬೀಗವಿರಲಿಲ್ಲ, ಬಚಾವಾದೆ.

ಓದುತ್ತಾ ಹೋದಂತೆ ಬಯಾಸ್ ಎಂಬ ಪದ ಎಲ್ಲಿಂದ ಬಂತು ಎಂಬಲ್ಲಿಗೆ ತಲುಪಿದೆ. ಅಲ್ಲಿ ಒಂದು ಹೆಸರಿತ್ತು: ಗ್ಯಾರಿ ಕಿಲ್ಡಾಲ್. ಹೆಸರು ನೋಡಿ ಬೆಚ್ಚಿದೆ. ಏಕೆಂದರೆ ಒಂದು ತಿಂಗಳ ಹಿಂದಷ್ಟೇ ಆ ಹೆಸರಿನ ಕಾರಣಕ್ಕೆ ನಾನು ಅಪ್ಪನ ಮಾತು ಮೀರಿದ್ದೆ.

ನಾನು ಕೇಳಿದ್ದ ಕಥೆ

ನವೆಂಬರ್ ಅಂದರೆ ನಮ್ಮ ಚನ್ನಗಿರಿ ಕಡೆ ಅಡಿಕೆ ಕೊಯ್ಲಿನ ಕಾಲ. ಆ ವರ್ಷ ಸುಲಿಯಲು ಆಳು ಸಿಕ್ಕಿರಲಿಲ್ಲ. ನಾಲ್ಕು ದಿನ ಬಂದು ಹೋಗು ಎಂದು ಅಪ್ಪ ಫೋನ್ ಮಾಡಿದ್ದರು. ಅದೇ ವಾರ ಒಂದು ಕಡೆ ಉದ್ಯೋಗ ತರಬೇತಿ ಶಿಬಿರವಿತ್ತು. ಮೊದಲ ದಿನ ಮಾತನಾಡಿದ ಭಾಷಣಕಾರರೊಬ್ಬರು ಕಿಲ್ಡಾಲ್ ಕಥೆ ಹೇಳಿದರು. ಐಬಿಎಂ ಎಂಬ ದೈತ್ಯ ಕಂಪನಿ ಮನೆ ಬಾಗಿಲಿಗೆ ಬಂದ ದಿನ ಈ ಮನುಷ್ಯ ಮೋಜಿಗೆ ವಿಮಾನ ಹಾರಿಸಲು ಹೋಗಿದ್ದನಂತೆ. ಅವಕಾಶ ಬಿಲ್ ಗೇಟ್ಸ್ ಪಾಲಾಯಿತಂತೆ. ಒಬ್ಬ ಲೋಕದ ಅತಿ ಶ್ರೀಮಂತನಾದ, ಇನ್ನೊಬ್ಬ ಹೆಸರಿಲ್ಲದೆ ಹೋದ. ಹಾಗಾಗಿ ಅವಕಾಶ ಬಂದ ದಿನ ನೀವು ಜಾಗದಲ್ಲಿ ಇರಬೇಕು ಎಂದು ಮುಗಿಸಿದರು. ಸಭಾಂಗಣ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಸಂಜೆ ಅಪ್ಪನಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಅವರು ಸರಿ ಎಂದಷ್ಟೇ ಹೇಳಿ ಇಟ್ಟರು. ಆ ವಾರ ಅಪ್ಪ, ಅಮ್ಮ ಇಬ್ಬರೇ ರಾತ್ರಿ ಹನ್ನೆರಡರವರೆಗೆ ಅಂಗಳದ ಬಲ್ಬಿನ ಕೆಳಗೆ ಅಡಿಕೆ ಸುಲಿದರು ಎಂದು ತಂಗಿಯಿಂದ ಆಮೇಲೆ ಗೊತ್ತಾಯಿತು.

ಹಾಗಾಗಿ ಈ ಸಲ ಕಿಲ್ಡಾಲ್ ಬದುಕನ್ನು ಮೊದಲಿನಿಂದ ಓದಿದೆ.

ಹಡಗಿನ ಶಾಲೆಯ ಹುಡುಗ

ಗ್ಯಾರಿ ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ಬಂದರು ನಗರದಲ್ಲಿ. ಅವರ ಮನೆತನ ನಾವಿಕರಿಗೆ ದಾರಿ ಲೆಕ್ಕ ಕಲಿಸುವ ಶಾಲೆಯೊಂದನ್ನು ನಡೆಸುತ್ತಿತ್ತು. ಗ್ಯಾರಿಯೂ ಅಲ್ಲಿ ಪಾಠ ಹೇಳಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರ ಆಸೆ ಗಣಿತದ ಮೇಷ್ಟ್ರಾಗುವುದು. ಆದರೆ ಕಂಪ್ಯೂಟರಿನ ರುಚಿ ಹತ್ತಿತು. ಅಂದಿನ ಕಡ್ಡಾಯ ಸೇನಾ ಸೇವೆಯ ಋಣವನ್ನೂ ಅವರು ಪಾಠ ಹೇಳಿಯೇ ತೀರಿಸಿದರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸಿದರು. ನಡುವೆ 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಪ್ರೋಗ್ರಾಂ ಒಂದನ್ನು ಕಂಪೈಲರ್ ತಾನೇ ಹೇಗೆ ಚುರುಕುಗೊಳಿಸಬಹುದು ಎಂಬುದು ಅವರ ಸಂಶೋಧನೆ. ಆ ಬಗ್ಗೆ 1973ರಲ್ಲಿ ಅವರು ಮಂಡಿಸಿದ ಪ್ರಬಂಧದ ವಿಚಾರವನ್ನು ಇಂದಿಗೂ ಕಂಪೈಲರ್ ವಿಷಯದಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಎಂದು ಓದುತ್ತಾರೆ.

ಆ ಹೊತ್ತಿಗೆ ಇಂಟೆಲ್ ಕಂಪನಿ 4004 ಎಂಬ ಮೈಕ್ರೋಪ್ರೊಸೆಸರ್ ತಂದಿತ್ತು. ಉಗುರಿನಷ್ಟು ಚಿಪ್ಪು, ಅದನ್ನು ಕಂಪ್ಯೂಟರ್ ಎಂದರೆ ಆಗ ನಗುವವರೇ ಹೆಚ್ಚು. ಗ್ಯಾರಿ ನಗಲಿಲ್ಲ. ಚಿಪ್ಪಿನ ಸುತ್ತ ಪೂರ್ತಿ ಯಂತ್ರ ಕಟ್ಟುವಷ್ಟು ದುಡ್ಡಿರಲಿಲ್ಲ. ಆದ್ದರಿಂದ ಶಾಲೆಯ ದೊಡ್ಡ ಕಂಪ್ಯೂಟರಿನೊಳಗೆ ಆ ಚಿಪ್ಪಿನಂತೆಯೇ ನಡೆದುಕೊಳ್ಳುವ ಒಂದು ಪ್ರೋಗ್ರಾಂ ಬರೆದು, ಅದರ ಮೇಲೆ ಪ್ರಯೋಗ ಮಾಡಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಪೆನ್‌ಡ್ರೈವ್ ಮೇಲೆ ಸೆಮಿಸ್ಟರ್ ದಾಟಿಸಿದ ಜಗಳೂರು. ಆ ಕೆಲಸದಿಂದ ಇಂಟೆಲ್‌ನವರ ಪರಿಚಯವಾಗಿ, ಬಿಡುವಿನ ದಿನಗಳಲ್ಲಿ ಅಲ್ಲಿಗೆ ಸಲಹೆಗಾರರಾಗಿ ಹೋಗತೊಡಗಿದರು. 1973ರ ಸುಮಾರಿಗೆ ಮೈಕ್ರೋಪ್ರೊಸೆಸರ್‌ಗಳಿಗೆಂದೇ ಪಿಎಲ್/ಎಂ ಎಂಬ ಮೇಲ್ಮಟ್ಟದ ಭಾಷೆ ಬರೆದುಕೊಟ್ಟರು. ಅಂಥ ಭಾಷೆ ಅದೇ ಮೊದಲು.

ಬಂಡಿ, ಎತ್ತು, ನೊಗ

ಅಷ್ಟರಲ್ಲಿ ಫ್ಲಾಪಿ ಡಿಸ್ಕ್ ಬಂದಿತ್ತು. ಪೇಪರ್ ಪಟ್ಟಿಯಲ್ಲಿ ತೂತು ಹೊಡೆದು ಪ್ರೋಗ್ರಾಂ ಕೂಡಿಡುವ ಕಾಲಕ್ಕೆ ಅದು ದೊಡ್ಡ ವರ. ಆದರೆ ಸಣ್ಣ ಕಂಪ್ಯೂಟರಿಗೆ ಫ್ಲಾಪಿ ಜೋಡಿಸಿ, ಕಡತಗಳನ್ನು ಇಟ್ಟು ತೆಗೆಯುವ ವ್ಯವಸ್ಥೆ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದಕ್ಕೆ ಬೇಕಾದ ಸರ್ಕ್ಯೂಟ್ ಕಟ್ಟಿಕೊಟ್ಟರು, ಗ್ಯಾರಿ ಪ್ರೋಗ್ರಾಂ ಬರೆದರು. 1974ರಲ್ಲಿ ಹೀಗೆ ಹುಟ್ಟಿದ್ದು ಸಿಪಿ/ಎಂ. ನಮ್ಮ ಪೇಪರುಗಳಲ್ಲಿ ಬರುವ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಆಪರೇಟಿಂಗ್ ಸಿಸ್ಟಂ. ಇಂಟೆಲ್ ಇದರಲ್ಲಿ ಆಸಕ್ತಿ ತೋರಲಿಲ್ಲ. ನಾಣ್ಯ ಹಾಕಿದರೆ ಜಾತಕ ಮುದ್ರಿಸಿಕೊಡುವ ಯಂತ್ರವೊಂದಕ್ಕೂ ಗ್ಯಾರಿ ಆ ದಿನಗಳಲ್ಲಿ ಪ್ರೋಗ್ರಾಂ ಬರೆದಿದ್ದರು. ಆ ಯಂತ್ರ ವ್ಯಾಪಾರದಲ್ಲಿ ಸೋತಿತು.

ಕೊನೆಗೆ ಗ್ಯಾರಿ ಮತ್ತು ಅವರ ಹೆಂಡತಿ ಡೊರೊತಿ ತಾವೇ ಒಂದು ಕಂಪನಿ ತೆರೆದರು. ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್. ಮುಂದೆ ಆಕಾಶಗಂಗೆಯನ್ನು ಬಿಟ್ಟು ಡಿಜಿಟಲ್ ರಿಸರ್ಚ್ ಎಂದಷ್ಟೇ ಉಳಿಯಿತು. ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಿಂದ, ಮಾಸಿಕಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ ಸಿಪಿ/ಎಂ ಮಾರಿದರು. ಗ್ಯಾರಿ ಬರೆಯುವವರು, ವ್ಯವಹಾರ ನೋಡಿಕೊಳ್ಳುವವರು ಡೊರೊತಿ.

ಇಲ್ಲೊಂದು ತೊಡಕು ಬಂತು. ಆಗ ಒಂದೊಂದು ಕಂಪನಿಯ ಕಂಪ್ಯೂಟರೂ ಒಂದೊಂದು ಥರ. ಡಿಸ್ಕ್ ಬೇರೆ, ಪರದೆ ಬೇರೆ, ಪ್ರಿಂಟರ್ ಬೇರೆ. ಪ್ರತಿ ಹೊಸ ಯಂತ್ರಕ್ಕೂ ಸಿಪಿ/ಎಂ ಅನ್ನು ಮೊದಲಿನಿಂದ ತಿದ್ದಿ ಬರೆಯಬೇಕಾಗುತ್ತಿತ್ತು. ಇಮ್ಸಾಯ್ ಎಂಬ ಕಂಪನಿಯ ಯಂತ್ರಕ್ಕೆ ಹೊಂದಿಸುವಾಗ ಗ್ಯಾರಿಗೆ ಬೇಸರ ಬಂದಿರಬೇಕು. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗಗಳನ್ನಷ್ಟೇ ಹೆಕ್ಕಿ ಒಂದು ಸಣ್ಣ ತುಂಡಾಗಿ ಬೇರೆ ಇಟ್ಟರು. ಡಿಸ್ಕಿನಿಂದ ಓದು, ಪರದೆಗೆ ಅಕ್ಷರ ಕಳುಹಿಸು, ಕೀಬೋರ್ಡ್ ಕೇಳು, ಇಂಥವು. ಉಳಿದ ದೊಡ್ಡ ಭಾಗ ಎಲ್ಲ ಯಂತ್ರಗಳಿಗೂ ಒಂದೇ. ಆ ಸಣ್ಣ ತುಂಡಿಗೆ ಇಟ್ಟ ಹೆಸರು ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಂ, ಅಂದರೆ ಬಯಾಸ್.

ಇದನ್ನು ಹೊನ್ನಾಳಿಗೆ ವಿವರಿಸುವಾಗ ನಾನು ಬಂಡಿಯ ಉದಾಹರಣೆ ಕೊಟ್ಟೆ. ಎತ್ತು ಬದಲಾದಾಗಲೆಲ್ಲ ಯಾರೂ ಹೊಸ ಬಂಡಿ ಮಾಡಿಸುವುದಿಲ್ಲ. ಎತ್ತಿನ ಹೆಗಲಿಗೆ ತಕ್ಕ ನೊಗ ಹೊಂದಿಸಿದರೆ ಸಾಕು, ಅದೇ ಬಂಡಿ ಹೊರಡುತ್ತದೆ. ಬಯಾಸ್ ಎಂದರೆ ನೊಗ. ಈ ಒಂದು ಉಪಾಯದಿಂದ ಯಾವ ಕಂಪನಿ ಬೇಕಾದರೂ ತನ್ನ ನೊಗ ತಾನೇ ಮಾಡಿಕೊಂಡು ಸಿಪಿ/ಎಂ ಹೂಡಬಹುದಾಯಿತು. 1981ರ ಹೊತ್ತಿಗೆ ಸುಮಾರು 3,000 ಮಾದರಿಯ ಕಂಪ್ಯೂಟರ್‌ಗಳ ಮೇಲೆ ಅದು ಓಡುತ್ತಿತ್ತು. ಕಂಪನಿಯ ವರ್ಷದ ವರಮಾನ 54 ಲಕ್ಷ ಡಾಲರ್ ಮುಟ್ಟಿತ್ತು. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದು ಯಂತ್ರದಲ್ಲೂ ಓಡಬಹುದು ಎಂಬ ಧೈರ್ಯ ಬಂದದ್ದರಿಂದ, ಸಣ್ಣ ಕಂಪ್ಯೂಟರ್‌ಗಳಿಗೆ ಸಾಫ್ಟ್‌ವೇರ್ ಬರೆದು ಮಾರುವ ಉದ್ಯಮವೇ ಬೆಳೆಯಿತು. ನಾವೆಲ್ಲ ಕೆಲಸ ಹುಡುಕುತ್ತಿರುವುದು ಅದೇ ಉದ್ಯಮದಲ್ಲಿ.

ಇನ್ನೊಂದು ಸಂಗತಿ. ನಮ್ಮ ಕಂಪ್ಯೂಟರಿನಲ್ಲಿ ಸಿ ಡ್ರೈವ್ ಇದೆ, ಎ ಮತ್ತು ಬಿ ಎಲ್ಲಿ ಹೋದವು ಎಂದು ಶಾಲೆಯಲ್ಲಿ ಒಮ್ಮೆ ಕೇಳಿದ್ದೆ, ಉತ್ತರ ಸಿಕ್ಕಿರಲಿಲ್ಲ. ಎ, ಬಿ ಎಂಬುವು ಫ್ಲಾಪಿಗಳು. ಸಿಪಿ/ಎಂ ಬಳಸಿದ ಈ ಅಕ್ಷರಗಳು ಡಾಸ್‌ಗೆ ಬಂದವು, ಅಲ್ಲಿಂದ ವಿಂಡೋಸ್‌ಗೆ.

ಆ ದಿನ ಏನಾಯಿತು

ಈಗ ಭಾಷಣಕಾರರು ಹೇಳಿದ ದಿನಕ್ಕೆ ಬರೋಣ. 1980ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ತಯಾರಿಸುತ್ತಿತ್ತು. ಅದಕ್ಕೊಂದು ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಐಬಿಎಂನವರು ಮೊದಲು ಹೋದದ್ದು ಮೈಕ್ರೋಸಾಫ್ಟ್ ಬಳಿಗೆ. ಗೇಟ್ಸ್ ಅವರೇ ಡಿಜಿಟಲ್ ರಿಸರ್ಚ್‌ನತ್ತ ಬೆರಳು ತೋರಿಸಿದರು. ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಗ್ಯಾರಿ ತಮ್ಮ ವಿಮಾನದಲ್ಲಿ ಹೋಗಿದ್ದು ನಿಜ. ಆದರೆ ಮೋಜಿಗಲ್ಲ. ಬಿಲ್ ಗಾಡ್‌ಬೌಟ್ ಎಂಬ ಕಂಪ್ಯೂಟರ್ ತಯಾರಕರನ್ನು ಕೆಲಸದ ಮೇಲೆ ಕಾಣಲು ಹೋಗಿದ್ದರು. ಕಂಪನಿಗಳ ಜೊತೆ ಮಾತುಕತೆ ಡೊರೊತಿ ನೋಡಿಕೊಳ್ಳುವುದು ಅಲ್ಲಿನ ರೂಢಿಯೇ ಆಗಿತ್ತು. ಐಬಿಎಂನವರು ಮಾತಿಗೆ ಮೊದಲು ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಕೇಳಿದರು. ಅದರ ಷರತ್ತುಗಳು ಏಕಪಕ್ಷೀಯವಾಗಿವೆ ಎಂದು ವಕೀಲರನ್ನು ಕೇಳಿ ಡೊರೊತಿ ಸಹಿ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗ್ಯಾರಿ ವಾಪಸ್ ಬಂದಿದ್ದರು. ಆಮೇಲೆ ಯಾರು ಏನು ಮಾತಾಡಿದರು ಎಂಬುದನ್ನು ಅಲ್ಲಿದ್ದವರೇ ಬೇರೆ ಬೇರೆ ಥರ ಹೇಳಿದ್ದಾರೆ. ಒಪ್ಪಂದ ಮಾತ್ರ ಆಗಲಿಲ್ಲ.

ಐಬಿಎಂ ಮತ್ತೆ ಮೈಕ್ರೋಸಾಫ್ಟ್ ಬಾಗಿಲು ತಟ್ಟಿತು. ಮೈಕ್ರೋಸಾಫ್ಟ್ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಿಂದ ಟಿಮ್ ಪ್ಯಾಟರ್ಸನ್ ಬರೆದಿದ್ದ ಸಿಸ್ಟಂ ಒಂದನ್ನು ಕೊಂಡು ತಿದ್ದಿ ಕೊಟ್ಟಿತು. ಅದು ನಡೆದುಕೊಳ್ಳುವ ರೀತಿಯನ್ನು ಸಿಪಿ/ಎಂ ಮಾದರಿಯಲ್ಲೇ ರೂಪಿಸಲಾಗಿತ್ತು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾಯಿತು. ತಮ್ಮ ಸಿಸ್ಟಂನ ಪಡಿಯಚ್ಚು ಕಂಡು ಗ್ಯಾರಿ ತಕರಾರು ತೆಗೆದರು. ಕೋರ್ಟಿಗೆ ಹೋಗುವ ಬದಲು, ಸಿಪಿ/ಎಂ ಅನ್ನೂ ಜೊತೆಗೆ ಮಾರುತ್ತೇವೆ ಎಂಬ ಐಬಿಎಂ ಮಾತಿಗೆ ಒಪ್ಪಿದರು. ಮಾರುಕಟ್ಟೆಗೆ ಬಂದಾಗ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಜನ ಯಾವುದನ್ನು ಕೊಂಡರು ಎಂದು ಹೇಳಬೇಕಿಲ್ಲ.

ನೋಡಿ, ಇದರಲ್ಲಿ ವಿಮಾನದ ಪಾತ್ರ ಎಷ್ಟು? ಷರತ್ತು, ವಕೀಲರು, ಬೆಲೆ, ದೊಡ್ಡ ಕಂಪನಿಯ ಅವಸರ ಇವೆಲ್ಲ ಸೇರಿ ಆದದ್ದನ್ನು ಒಂದು ಮಧ್ಯಾಹ್ನದ ಗೈರುಹಾಜರಿಗೆ ಕಟ್ಟಿಬಿಟ್ಟಿದ್ದಾರೆ. ಅಂದು ಗ್ಯಾರಿ ಹೋಗಿದ್ದು ಮೊದಲೇ ಒಪ್ಪಿಕೊಂಡ ಗಿರಾಕಿಯ ಬಳಿಗೆ. ನಾನು ಮಾತ್ರ ಆ ಸುಳ್ಳು ನೀತಿಪಾಠ ನಂಬಿ, ಕರೆದ ಅಪ್ಪನ ಬಳಿಗೆ ಹೋಗಿರಲಿಲ್ಲ.

ಸೋತವರ ಕೆಲಸ ಎಲ್ಲಿದೆ

ಗ್ಯಾರಿ ಅಲ್ಲಿಗೆ ಮುಗಿದು ಹೋಗಲಿಲ್ಲ. ಅವರ ಕಂಪನಿ ಏಕಕಾಲಕ್ಕೆ ಹಲವು ಕೆಲಸ ಮಾಡುವ ಸಿಸ್ಟಂ ತಂದಿತು, ಚಿತ್ರ ಮತ್ತು ಮೌಸ್ ಬಳಸುವ ಜೆಮ್ ತಂದಿತು, ಡಾಸ್‌ಗೇ ಪೈಪೋಟಿಯಾಗಿ ಡಿಆರ್ ಡಾಸ್ ತಂದಿತು. ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಸ್ಟುವರ್ಟ್ ಶಿಫೆ ಅವರ ಜೊತೆ ಕುಳಿತು ವರ್ಷಗಟ್ಟಲೆ ಜನರಿಗೆ ಕಂಪ್ಯೂಟರ್ ತಿಳಿಸಿಕೊಟ್ಟರು. ಎದುರಾಳಿ ಕಂಪನಿಗಳವರು ಬಂದಾಗಲೂ ಮೇಷ್ಟ್ರ ಕುತೂಹಲದಿಂದಲೇ ಪ್ರಶ್ನೆ ಕೇಳುತ್ತಿದ್ದರು. ಆ ಹಳೆಯ ಕಂತುಗಳನ್ನು ಈಗಲೂ ನೋಡಬಹುದು. 1985ರಲ್ಲಿ ಅವರ ಇನ್ನೊಂದು ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಯಲ್ಲಿ ತಂದಿತು. ಸಿಡಿಯಲ್ಲಿ ಬಂದ ಮೊದಲ ವಿಶ್ವಕೋಶ ಅದು. 1991ರಲ್ಲಿ ಡಿಜಿಟಲ್ ರಿಸರ್ಚ್ ನೋವೆಲ್ ಕಂಪನಿಗೆ ಮಾರಾಟವಾಯಿತು. ದುಡ್ಡಿಗೆ ಗ್ಯಾರಿಗೆ ಕೊರತೆಯಾಗಲಿಲ್ಲ.

ಕೊರತೆಯಾದದ್ದು ಮನಸ್ಸಿಗೆ. ಹೋದಲ್ಲೆಲ್ಲ ಆ ವಿಮಾನದ ಕಥೆ ಬೆನ್ನು ಹತ್ತಿತು. 1992ರಲ್ಲಿ ಅವರು ಓದಿದ ವಿಶ್ವವಿದ್ಯಾಲಯವೇ ಕಂಪ್ಯೂಟರ್ ವಿಭಾಗದ ಸಮಾರಂಭಕ್ಕೆ ಮುಖ್ಯ ಭಾಷಣಕಾರರಾಗಿ ಕರೆದದ್ದು, ಪದವಿಯನ್ನೇ ಪೂರೈಸದ ಗೇಟ್ಸ್ ಅವರನ್ನು. ಅಲ್ಲೇ ಪಿಎಚ್.ಡಿ. ಮಾಡಿದ ಗ್ಯಾರಿಗೆ ಬಂದದ್ದು ಅತಿಥಿಗಳ ಸಾಲಿನಲ್ಲಿ ಕೂರುವ ಕರೆ. ಆ ನೋವಿನಿಂದ ಆತ್ಮಕಥೆ ಬರೆದು, ಹತ್ತಿರದವರಿಗಷ್ಟೇ ಪ್ರತಿ ಹಂಚಿದರು. ಕೊನೆಯ ವರ್ಷಗಳಲ್ಲಿ ಕುಡಿತ ಅವರನ್ನು ಹಿಡಿದಿತ್ತು. 1994ರ ಜುಲೈನಲ್ಲಿ ಮಾಂಟೆರೆಯ ಬಾರ್ ಒಂದರಲ್ಲಿ ತಲೆಗೆ ಪೆಟ್ಟಾಗಿ, ಜುಲೈ 11ರಂದು ತೀರಿಕೊಂಡರು. ಆಗ ಅವರಿಗೆ 52 ವರ್ಷ.

ಅವರು ಹೋದ ಮೇಲೆ ಬೂಟ್ ಆರ್ಡರ್ ಕಥೆ ಮುಂದುವರಿಯಿತು. ಮೊದಲ ಐಬಿಎಂ ಪಿಸಿಯಲ್ಲಿ ಆಯ್ಕೆಯೇ ಇರಲಿಲ್ಲ. ಬಯಾಸ್ ಮೊದಲು ಎ ಡ್ರೈವಿನ ಫ್ಲಾಪಿ ಕೇಳುತ್ತಿತ್ತು, ಅದಿಲ್ಲದಿದ್ದರೆ ಚಿಪ್ಪಿನಲ್ಲಿದ್ದ ಬೇಸಿಕ್ ಭಾಷೆಯನ್ನೇ ತೆರೆದು ಕೂರುತ್ತಿತ್ತು. ಹಾರ್ಡ್‌ಡಿಸ್ಕ್ ಬಂದ ಮೇಲೂ ಮೊದಲ ಸರದಿ ಫ್ಲಾಪಿಯದೇ. ಇದನ್ನೇ ಬಳಸಿಕೊಂಡು 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೇನ್ ವೈರಸ್ ಫ್ಲಾಪಿಯ ಮೊದಲ ತುಣುಕಿನಲ್ಲಿ ಅವಿತು ಊರೂರು ಸುತ್ತಿತು. ಮರೆತು ಫ್ಲಾಪಿ ಬಿಟ್ಟು ಯಂತ್ರ ಚಾಲು ಮಾಡಿದರೆ ಮೊದಲು ಏಳುವುದು ವೈರಸ್. ಸರದಿ ಬದಲಿಸುವ ಅನುಕೂಲ ಬಂದ ಮೇಲೆ ಹಾರ್ಡ್‌ಡಿಸ್ಕನ್ನು ಮೊದಲು ಇಡುವುದು ಜಾಣತನವಾಯಿತು. ಪರೀಕ್ಷಾ ಲ್ಯಾಬ್‌ಗಳಲ್ಲಿ ಇಂದು ಯುಎಸ್‌ಬಿಯನ್ನು ಪಟ್ಟಿಯಿಂದ ತೆಗೆದು ಬಯಾಸ್‌ಗೆ ಪಾಸ್‌ವರ್ಡ್ ಹಾಕುವುದೂ ಇದೇ ಕಾರಣಕ್ಕೆ. ಗ್ಯಾರಿ ತೀರಿಕೊಂಡ ಮರುವರ್ಷ, 1995ರಲ್ಲಿ, ಸಿಡಿಯಿಂದ ಕಂಪ್ಯೂಟರ್ ಎಬ್ಬಿಸುವ ಕ್ರಮವನ್ನು ಫೀನಿಕ್ಸ್ ಮತ್ತು ಐಬಿಎಂ ಗೊತ್ತುಮಾಡಿದವು. ಸಿಡಿಗೆ ಮೊದಲೇ ಮನಸೋತಿದ್ದ ಗ್ಯಾರಿ ಅದನ್ನು ನೋಡಲಿಲ್ಲ. 2014ರಲ್ಲಿ ಪೆಸಿಫಿಕ್ ಗ್ರೋವ್‌ನ ಅವರ ಹಳೆಯ ಕಚೇರಿಯ ಮುಂದೆ ಎಂಜಿನಿಯರ್‌ಗಳ ಸಂಸ್ಥೆ ಐಇಇಇ ಒಂದು ಫಲಕ ಹಾಕಿತು.

ಸೋಮವಾರ ಪ್ರಾಜೆಕ್ಟ್ ಒಪ್ಪಿಸಿದೆ. ವೈವಾದಲ್ಲಿ ಲ್ಯಾಪ್‌ಟಾಪ್ ಬಗ್ಗೆ ಯಾರೂ ಕೇಳಲಿಲ್ಲ. ಸಂಜೆ ಬಯಾಸ್ ತೆರೆದು ಪಟ್ಟಿಯಲ್ಲಿ ಹಾರ್ಡ್‌ಡಿಸ್ಕನ್ನು ಮತ್ತೆ ಮೇಲಕ್ಕೆ ತಂದೆ, ಯುಎಸ್‌ಬಿಯನ್ನು ಅದರ ಕೆಳಗಿಟ್ಟೆ. ಈಗ ನನ್ನ ಬಳಿಯೂ ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್ ಇದೆ, ಪ್ರತಿ ಕಡತಕ್ಕೆ ಇನ್ನೊಂದು ಪ್ರತಿಯೂ ಇದೆ. ನೀವೂ ಇವತ್ತೇ ಇಷ್ಟು ಮಾಡಿಟ್ಟುಕೊಳ್ಳಿ. ನಿಮ್ಮ ಯಂತ್ರದಲ್ಲಿ ಯಾವ ಕೀ ಒತ್ತಬೇಕು ಎಂಬುದನ್ನು ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ನೋಡಿಕೊಳ್ಳಿ. ಕೆಟ್ಟ ದಿನ ಅದನ್ನು ಹುಡುಕುವ ತಾಳ್ಮೆ ಇರುವುದಿಲ್ಲ.

ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನಗಳು. ಮೊದಲ ಕಂಪನಿ ನಮ್ಮನ್ನು ಬಿಟ್ಟು ಮುಂದಿನವರನ್ನು ಕರೆಯಬಹುದು. ಬಿಟ್ಟುಹೋದ ದಿನವೇ ನಮ್ಮ ಇಡೀ ಬದುಕು ಎಂದು ಯಾರಾದರೂ ವೇದಿಕೆಯಿಂದ ಹೇಳಿದರೆ ನಾನಿನ್ನು ಚಪ್ಪಾಳೆ ತಟ್ಟುವುದಿಲ್ಲ. ಐಬಿಎಂ ಬಿಟ್ಟುಹೋದ ಮನುಷ್ಯ ಕೊಟ್ಟ ಹೆಸರು ನನ್ನ ಸತ್ತ ಲ್ಯಾಪ್‌ಟಾಪ್ ಎಬ್ಬಿಸಿದ ಪುಟದಲ್ಲಿ ಇತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆ ಪೂರ್ತಿ ಹೇಳಿದೆ. ನವೆಂಬರಿನಲ್ಲಿ ಏಕೆ ಬರಲಿಲ್ಲ ಎಂಬುದನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಮೋಟಾರಿಗೆ ನೀರು ಹೊಯ್ಯಬೇಕು ಬಾ ಎಂದು ಕೊಡ ಕೈಗೆ ಕೊಟ್ಟರು. ಬರುವ ಕೊಯ್ಲಿನ ನಾಲ್ಕು ದಿನಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿದ್ದೇನೆ. ಸುಲಿಯಲು ಜಗಳೂರು, ಹೊನ್ನಾಳಿ, ನ್ಯಾಮತಿ ಮೂವರೂ ಬರುತ್ತೇವೆಂದಿದ್ದಾರೆ. ಯಾರು ಮೊದಲು ಅಡಿಕೆ ಕತ್ತಿ ಹಿಡಿಯಬೇಕು ಎಂದು ಕೊನೆಯ ಇಬ್ಬರು ಈಗಾಗಲೇ ಜಗಳ ಶುರುಮಾಡಿದ್ದಾರೆ.